ಎರಡೂ ಕಡೆಯವರು ನಂಬಿದ ಸೇನಾನಿ: ಜನರಲ್ ತಿಮ್ಮಯ್ಯ



ಪುತ್ತೂರಿನಿಂದ ಸುಳ್ಯ, ಅರಂತೋಡು, ಸಂಪಾಜೆ ದಾಟಿ ಘಾಟಿ ಹತ್ತಿ ಮಡಿಕೇರಿಗೆ ಹೋಗದವರು ನಮ್ಮಲ್ಲಿ ಕಡಿಮೆ. ಕೆಲವರಿಗೆ ಅಲ್ಲಿ ವ್ಯಾಪಾರ, ಕೆಲವರಿಗೆ ಸಂಬಂಧಿಕರ ಮನೆ, ಶಾಲಾ ಮಕ್ಕಳಿಗೆ ಪ್ರವಾಸ. ಸುಳ್ಯದಿಂದ ಸುಮಾರು 50 ಕಿ.ಮೀ. ದೂರದ ಆ ಪಟ್ಟಣದ ವೃತ್ತವೊಂದರಲ್ಲಿ ಸೇನಾ ಸಮವಸ್ತ್ರ ಧರಿಸಿದ ವ್ಯಕ್ತಿಯೊಬ್ಬರ ಪ್ರತಿಮೆ ಇದೆ. ಒಮ್ಮೆ ವಿದ್ಯಾರ್ಥಿಗಳ ಜೊತೆ ಹೋದಾಗ ಇದು ಯಾರ ಪ್ರತಿಮೆ ಎಂದು ಕೇಳಿದೆ. ಒಬ್ಬ "ಕಾರ್ಯಪ್ಪ" ಎಂದ. ಇನ್ನೊಬ್ಬ ಸ್ವಲ್ಪ ಯೋಚಿಸಿ "ಯಾರೋ ದೊಡ್ಡ ಪೊಲೀಸ್ ಅಧಿಕಾರಿ ಸರ್" ಎಂದ. ಮೊದಲನೆಯವನು ಉತ್ತರದ ಹತ್ತಿರಕ್ಕಾದರೂ ಬಂದಿದ್ದ. ಏಕೆಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಪ್ರತಿಮೆಯಲ್ಲಿರುವ ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಎಂಬ ಒಂದೇ ಒಕ್ಕದವರು. ಇಬ್ಬರೂ ಭಾರತದ ಸೇನಾ ಮುಖ್ಯಸ್ಥರಾದವರು.

ಕೊಡಗು ನಮಗೆ ಪರಊರೇನಲ್ಲ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸನನ್ನು ಪದಚ್ಯುತಗೊಳಿಸುವವರೆಗೆ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ಆ ರಾಜ್ಯದ ಭಾಗವೇ ಆಗಿದ್ದವು. ಅವನ್ನು ಕೆನರಾಕ್ಕೆ ಸೇರಿಸಿದ್ದು ಬ್ರಿಟಿಷರು. 1837ರಲ್ಲಿ ಸುಳ್ಯದ ರೈತರು ಮಂಗಳೂರಿನವರೆಗೆ ದಂಡೆತ್ತಿ ಹೋದದ್ದನ್ನು ನೀವು ಓದಿದ್ದೀರಿ. ಅದೇ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿಯಾದ ಕೊಡಗಿನ ಯುವಕನೊಬ್ಬನನ್ನು ಕಾಡಿದ ಪ್ರಶ್ನೆಯಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ. ಪರಕೀಯರ ಸಮವಸ್ತ್ರ ಧರಿಸಿ ನಾನು ಯಾರ ಸೇವೆ ಮಾಡುತ್ತಿದ್ದೇನೆ?

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಕುಟುಂಬ. ತಾಯಿ ಸೀತಮ್ಮ ವಿದ್ಯಾವಂತೆ, ಸಾರ್ವಜನಿಕ ಸೇವೆಗಾಗಿ ಕೈಸರ್-ಎ-ಹಿಂದ್ ಪದಕ ಪಡೆದವರು. ಮನೆಯವರಿಗೆ ಈತ 'ಡುಬ್ಬು', ಮುಂದೆ ಸೈನ್ಯದ ಗೆಳೆಯರಿಗೆ 'ಟಿಮ್ಮಿ'. ಎಂಟನೆಯ ವಯಸ್ಸಿಗೇ ಮನೆ ಬಿಟ್ಟು ಕೂನೂರಿನ ಸೈಂಟ್ ಜೋಸೆಫ್ ಶಾಲೆ, ನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಅಲ್ಲಿಂದ ಡೆಹ್ರಾಡೂನಿನಲ್ಲಿ 1922ರಲ್ಲಿ ಹೊಸದಾಗಿ ತೆರೆದಿದ್ದ ಸೈನಿಕ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರವರಿಯಲ್ಲಿ ಅಧಿಕಾರಿಯಾಗಿ ನೇಮಕಗೊಂಡಾಗ ಇಪ್ಪತ್ತು ತುಂಬಿರಲಿಲ್ಲ.

ಆ ಕಾಲದಲ್ಲಿ ಭಾರತೀಯನೊಬ್ಬ ಸೇನಾಧಿಕಾರಿಯಾಗುವುದೆಂದರೆ ಏನೆಂದು ಈಗಿನ ವಿದ್ಯಾರ್ಥಿಗಳಿಗೆ ಸ್ವಲ್ಪ ವಿವರಿಸಬೇಕು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗಷ್ಟೇ ಸ್ಯಾಂಡ್‌ಹರ್ಸ್ಟ್‌ನ ಬಾಗಿಲು ನಮ್ಮವರಿಗೆ ತೆರೆಯಿತು. ಅದೂ ವರ್ಷಕ್ಕೆ ಹತ್ತು ಸ್ಥಾನಗಳು ಮಾತ್ರ. ಹಾಗೆ ಬಂದವರ ಕೈಕೆಳಗೆ ಬ್ರಿಟಿಷ್ ಅಧಿಕಾರಿಗಳು ಕೆಲಸ ಮಾಡುವ ಪ್ರಸಂಗ ಬರಬಾರದೆಂದು 1923ರಲ್ಲಿ ಎಂಟು ತುಕಡಿಗಳನ್ನು ಪ್ರತ್ಯೇಕಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗಷ್ಟೇ ಕಳುಹಿಸುವ ಯೋಜನೆ ಮಾಡಿದರು. ತಿಮ್ಮಯ್ಯ ಸೇರಿದ 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ ಅವುಗಳಲ್ಲೊಂದು. 7ನೇ ಲೈಟ್ ಕ್ಯಾವಲ್ರಿ ಎಂಬ ಅಶ್ವದಳ ಮತ್ತೊಂದು. ಈ ಅಶ್ವದಳದ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ.

ಬಾಗ್ದಾದಿನಲ್ಲಿ ಕೆಲಕಾಲ ಇದ್ದು ಬಂದ ಆ ಬೆಟಾಲಿಯನ್ ಬಳಿಕ ಅಲಹಾಬಾದಿನಲ್ಲಿ ನೆಲೆಸಿತ್ತು. ಆ ನಗರವೆಂದರೆ ಸ್ವಾತಂತ್ರ್ಯ ಚಳವಳಿಯ ಮನೆಯಂಗಳ. ಹೊರಗೆ ಜನರು ವಿದೇಶಿ ಬಟ್ಟೆ ಸುಡುತ್ತಿದ್ದಾಗ ಒಳಗೆ ವಿದೇಶಿ ಸಮವಸ್ತ್ರದಲ್ಲಿದ್ದ ಭಾರತೀಯ ಅಧಿಕಾರಿಗಳಿಗೆ ನಾಚಿಕೆಯೂ ಗೊಂದಲವೂ ಆಗುತ್ತಿತ್ತು. ತಿಮ್ಮಯ್ಯನವರಿಗೆ ಇಲ್ಲಿ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ರಾಜೀನಾಮೆ ಕೊಟ್ಟು ಚಳವಳಿ ಸೇರಬೇಕೇ ಎಂಬ ಪ್ರಶ್ನೆಗೆ ಆ ಹಿರಿಯರು ಬೇಡವೆಂದೇ ಸಲಹೆಯಿತ್ತರೆಂದು ತಿಮ್ಮಯ್ಯನವರ ಜೀವನಚರಿತ್ರೆ ಬರೆದ ಹಂಫ್ರಿ ಇವಾನ್ಸ್ ದಾಖಲಿಸಿದ್ದಾರೆ. ಸ್ವಾತಂತ್ರ್ಯ ಹೇಗೂ ಬರುತ್ತದೆ, ಬಂದ ದಿನ ಸೈನ್ಯ ನಡೆಸಲು ಬಲ್ಲ ನಮ್ಮವರು ಇರಬೇಡವೇ ಎಂಬುದು ಅವರ ವಾದ. ಇದು ಬಾಯುಪಚಾರದ ಮಾತಲ್ಲ. ಭಾರತದಲ್ಲೇ ಸೇನಾಧಿಕಾರಿಗಳ ತರಬೇತಿ ಶಾಲೆ ತೆರೆಯುವ ಬಗ್ಗೆ 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಯಲ್ಲಿ ಮೋತಿಲಾಲರೂ ಮುಹಮ್ಮದಲಿ ಜಿನ್ನಾ ಅವರೂ ಸದಸ್ಯರಾಗಿದ್ದರು. ಬೇರೆ ಬೇರೆ ದಾರಿ ಹಿಡಿದ ಇಬ್ಬರು ನಾಯಕರಿಗೂ ಶಿಕ್ಷಣ ಪಡೆದ ಅಧಿಕಾರಿಗಳ ಅಗತ್ಯ ಒಂದೇ ರೀತಿ ಕಂಡಿತ್ತು. 1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಆರಂಭವಾದುದರ ಹಿಂದೆ ಈ ಪ್ರಯತ್ನಗಳಿವೆ.

ಆದರೆ ಅದೇ ಪ್ರಶ್ನೆಗೆ ಅದೇ ಮನೆಯಲ್ಲಿ ಇನ್ನೊಂದು ಉತ್ತರವೂ ಇತ್ತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಕೂಡ ಸೇನಾಧಿಕಾರಿ. ಎರಡನೆಯ ಮಹಾಯುದ್ಧದಲ್ಲಿ ಅವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಬರ್ಮಾದ ರಣರಂಗದಲ್ಲಿ ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಇಬ್ಬರಲ್ಲಿ ದೇಶಭಕ್ತ ಯಾರೆಂದು ತೀರ್ಪು ಕೊಡಲು ಹೊರಡುವವರು ಸ್ವಲ್ಪ ನಿಧಾನಿಸಬೇಕೆಂದು ನನ್ನ ಅಭಿಪ್ರಾಯ.

ಬರ್ಮಾದ ಅರಾಕಾನ್ ಕರಾವಳಿಯಲ್ಲಿ ತಿಮ್ಮಯ್ಯ 8/19 ಹೈದರಾಬಾದ್ ಬೆಟಾಲಿಯನ್ನಿನ ನಾಯಕರಾಗಿದ್ದರು. 1945ರ ಆರಂಭದಲ್ಲಿ ಕಂಗಾವ್ ಎಂಬಲ್ಲಿ ಜಪಾನೀಯರ ಹಿಮ್ಮೆಟ್ಟುವ ದಾರಿಯನ್ನು ಮುಚ್ಚುವ ಘೋರ ಕಾಳಗ ನಡೆಯಿತು. 51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಅಲ್ಲಿ ಭಾರತೀಯರೇ ನಾಯಕರು: ಕೊಡಗಿನ ತಿಮ್ಮಯ್ಯ, ಮಹಾರಾಷ್ಟ್ರದ ಥೋರಾಟ್, ಬಂಗಾಳದ ಎಲ್.ಪಿ. ಸೇನ್. 'ಆಲ್ ಬ್ರದರ್ಸ್ ಬ್ರಿಗೇಡ್', ಅಂದರೆ ಅಣ್ಣತಮ್ಮಂದಿರ ಬ್ರಿಗೇಡ್ ಎಂದೇ ಅದು ಹೆಸರಾಯಿತು. ಸೇನ್ ನಡೆಸಿದ ಬಲೂಚ್ ಬೆಟಾಲಿಯನ್ನಿನಲ್ಲಿ ಪಂಜಾಬಿ ಮುಸ್ಲಿಮರು, ಪಠಾಣರು, ಡೋಗ್ರಾಗಳು ಒಟ್ಟಿಗಿದ್ದರು. ಮೂವರಿಗೂ ಡಿ.ಎಸ್.ಓ. ಪದಕ ಬಂತು. ಭಾರತೀಯರಿಗೆ ಬೆಟಾಲಿಯನ್ ನಡೆಸುವ ಸಾಮರ್ಥ್ಯವಿಲ್ಲ ಎಂಬ ಹಳೆಯ ರಾಗ ಕಂಗಾವ್‌ನ ನಂತರ ಯಾರ ಬಾಯಿಂದಲೂ ಬರುವಂತಿರಲಿಲ್ಲ. ಯುದ್ಧ ಮುಗಿಯುವ ಮೊದಲೇ ತಿಮ್ಮಯ್ಯನವರಿಗೆ ಬ್ರಿಗೇಡಿನ ನಾಯಕತ್ವ ಸಿಕ್ಕಿತು. ಸಿಂಗಾಪುರದಲ್ಲಿ ಜಪಾನ್ ಶರಣಾಗತಿಯ ಸಮಾರಂಭದಲ್ಲಿ ಅವರು ಭಾರತದ ಪ್ರತಿನಿಧಿಯಾಗಿದ್ದರು. ಬಳಿಕ ಸೋತ ಜಪಾನಿನಲ್ಲಿ ಭಾರತೀಯ ಬ್ರಿಗೇಡೊಂದನ್ನು ನಡೆಸಿದರು.

ಎರಡೇ ವರ್ಷದಲ್ಲಿ ಆ ಅಣ್ಣತಮ್ಮಂದಿರ ಸೈನ್ಯವನ್ನೇ ಪಾಲು ಮಾಡಬೇಕಾಗಿ ಬಂತು. ಬಲೂಚ್ ರೆಜಿಮೆಂಟ್ ಪಾಕಿಸ್ತಾನಕ್ಕೆ ಹೋಯಿತು, ಹೈದರಾಬಾದ್ ರೆಜಿಮೆಂಟ್ ಕುಮಾವೂನ್ ಎಂಬ ಹೆಸರಿನಲ್ಲಿ ಭಾರತದಲ್ಲಿ ಉಳಿಯಿತು. ಮೇಜು, ಕುರ್ಚಿ, ಬಂದೂಕು, ಊಟದ ತಟ್ಟೆಗಳ ತನಕ ಲೆಕ್ಕ ಹಾಕಿ ಹಂಚಿದರು. 1947ರ ಆಗಸ್ಟಿನಲ್ಲಿ ಪಂಜಾಬ್ ಹೊತ್ತಿ ಉರಿಯುವಾಗ ಜನರಲ್ ರೀಸ್ ನೇತೃತ್ವದ ಗಡಿ ಪಡೆಗೆ ಆ ಬೆಂಕಿಯನ್ನು ನಂದಿಸಲಾಗಲಿಲ್ಲ, ತಿಂಗಳೊಳಗೆ ಅದನ್ನು ವಿಸರ್ಜಿಸಲಾಯಿತು. ಪೂರ್ವ ಪಂಜಾಬಿನ ಹೊಣೆ 4ನೇ ಡಿವಿಜನ್ನಿನ ನಾಯಕ ತಿಮ್ಮಯ್ಯನವರ ಹೆಗಲಿಗೆ ಬಿತ್ತು. ಪಶ್ಚಿಮಕ್ಕೆ ಹೊರಟ ಮುಸ್ಲಿಮರ ಸಾಲು, ಪೂರ್ವಕ್ಕೆ ಬರುವ ಹಿಂದೂ, ಸಿಖ್ಖರ ಸಾಲು. ಎರಡಕ್ಕೂ ಕಾವಲು ಕೊಡಬೇಕು. ಕಾವಲಿಗೆ ನಿಂತ ಸೈನಿಕನ ಸ್ವಂತ ಮನೆಯೇ ಗಡಿಯಾಚೆ ಸುಟ್ಟುಹೋಗಿದ್ದ ದಿನಗಳವು. ಅಂತಹ ಹೊತ್ತಿನಲ್ಲಿ ಸೈನ್ಯದ ಶಿಸ್ತು ಕಾಯುವುದು ಯುದ್ಧ ಗೆಲ್ಲುವುದಕ್ಕಿಂತ ಕಷ್ಟದ ಕೆಲಸ. ಪದಕಗಳು ಇಂತಹ ಕೆಲಸಕ್ಕೆ ಬರುವುದಿಲ್ಲ.

1948ರ ಮೇ ತಿಂಗಳಿನಲ್ಲಿ ಅವರನ್ನು ಕಾಶ್ಮೀರ ಕಣಿವೆಯ ಡಿವಿಜನ್ನಿಗೆ ಕಳುಹಿಸಿದರು. ಲಡಾಖಿನ ಲೇಹ್ ಪಟ್ಟಣ ಬೀಳುವ ಸ್ಥಿತಿಯಲ್ಲಿತ್ತು. ಅಲ್ಲಿಗೆ ರಸ್ತೆಯಿಲ್ಲ, ವಿಮಾನ ಇಳಿದ ಇತಿಹಾಸವಿಲ್ಲ. ಸೋನಮ್ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸಿಂಧೂ ನದಿಯ ಬದಿಯ ಮರಳಿನಲ್ಲಿ, ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಊರ ಜನರನ್ನು ಸೇರಿಸಿ ಇಳಿದಾಣ ಸಿದ್ಧಪಡಿಸಿದರು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಾಲಯದ ಮೇಲಿಂದ ಹಾರಿಸಿ ಅಲ್ಲಿ ಇಳಿಸಿದರು. ಅದು ಅಂತಹ ಎತ್ತರಕ್ಕೆಂದು ತಯಾರಾದ ವಿಮಾನವೇ ಅಲ್ಲ. ಪಯಣಿಗರಾಗಿ ಜೊತೆಗಿದ್ದವರು ಸ್ವತಃ ಜನರಲ್ ತಿಮ್ಮಯ್ಯ. ಇಳಿಯಲು ಸಾಧ್ಯವೋ ಇಲ್ಲವೋ ಎಂದು ತಿಳಿಯದ ಕಡೆಗೆ ಕೈಕೆಳಗಿನವರನ್ನು ಮೊದಲು ಅಟ್ಟುವ ಅಧಿಕಾರಿಗಳನ್ನು ನೀವೂ ಕಂಡಿರಬಹುದು. ಇವರು ಆ ಜಾತಿಗೆ ಸೇರಿದವರಲ್ಲ.

ವಿಮಾನದಿಂದ ಲೇಹ್ ಉಸಿರಾಡಿತು, ಆದರೆ ಉಳಿಯಬೇಕಾದರೆ ರಸ್ತೆ ತೆರೆಯಬೇಕಿತ್ತು. ಆ ರಸ್ತೆಯ ಬಾಗಿಲು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗ. ಎದುರಾಳಿಗಳು ಬಂಡೆಗಳ ಗುಹೆಗಳಲ್ಲಿ ಮೆಷಿನ್‌ಗನ್ ಇಟ್ಟು ಕುಳಿತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ವಿಫಲವಾಯಿತು, ಜೀವಹಾನಿಯೂ ಆಯಿತು. ಹಿಮ ಬಿದ್ದು ದಾರಿ ಮುಚ್ಚಲು ಕೆಲವೇ ವಾರ ಉಳಿದಿತ್ತು. ಆಗ ಟ್ಯಾಂಕುಗಳನ್ನು ಮೇಲಕ್ಕೆ ಒಯ್ಯುವ ನಿರ್ಧಾರವಾಯಿತು. ಅಷ್ಟು ಎತ್ತರದಲ್ಲಿ ಅದುವರೆಗೆ ಜಗತ್ತಿನ ಯಾವ ಸೈನ್ಯವೂ ಟ್ಯಾಂಕ್ ಬಳಸಿರಲಿಲ್ಲ.

ಇಲ್ಲಿಯೇ 7ನೇ ಲೈಟ್ ಕ್ಯಾವಲ್ರಿ ಮತ್ತೆ ಬರುತ್ತದೆ. ಕುದುರೆಗಳನ್ನು ಬಿಟ್ಟು ಅದು ಈಗ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳ ದಳವಾಗಿತ್ತು. ನಾಯಕ ರಾಜಿಂದರ್ ಸಿಂಗ್, ಅಡ್ಡಹೆಸರು 'ಸ್ಪ್ಯಾರೋ', ಗುಬ್ಬಚ್ಚಿ. ಗುರುತು ಸಿಗದಂತೆ ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಶ್ರೀನಗರದಲ್ಲಿ ಕರ್ಫ್ಯೂ ಹೇರಿ ರಾತ್ರಿ ವೇಳೆ ದಾಟಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ನಡೆಯುವಷ್ಟು ಕಾಲುದಾರಿ ಮಾತ್ರ ಇತ್ತು. ಅದನ್ನು ಟ್ಯಾಂಕ್ ಹತ್ತುವ ದಾರಿಯಾಗಿ ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇವರ ಕೇಂದ್ರ ಇಂದಿಗೂ ಇದೆ. ನವೆಂಬರ್ 1ರಂದು ಹಿಮ ಸುರಿಯುತ್ತಿದ್ದಾಗ ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಡಿವಿಜನ್ನಿನ ಜನರಲ್ ಹಿಂದಿನ ಶಿಬಿರದಲ್ಲಿ ನಕ್ಷೆ ನೋಡುತ್ತಾ ಕೂರದೆ ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು. ಎದುರಾಳಿಗಳು ಕನಸಿನಲ್ಲೂ ನೆನೆಸದಿದ್ದುದರಿಂದ ಅಂದೇ ಕಣಿವೆ ತೆರವಾಯಿತು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳು ಮುಗಿಯುವ ಮೊದಲು ಕಾರ್ಗಿಲ್ ಕೈಗೆ ಬಂದು ಲೇಹ್ ರಸ್ತೆ ಕೂಡಿತು. 1999ರಲ್ಲಿ ಟಿ.ವಿ.ಯಲ್ಲಿ ಈ ಹೆಸರುಗಳನ್ನು ಕೇಳಿದ ಹಿರಿಯರಿಗೆ ಅವು ಹೊಸವಲ್ಲ.

ಆ ಯುದ್ಧದ ಇನ್ನೊಂದು ಭಾಗದಲ್ಲಿ, ಜಮ್ಮುವಿನ ಕಡೆ, ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ಇದ್ದರು. ತಿಮ್ಮಯ್ಯನವರಂತೆಯೇ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು, ಬಲೂಚ್ ರೆಜಿಮೆಂಟಿನವರು. ರೆಜಿಮೆಂಟ್ ಪಾಕಿಸ್ತಾನಕ್ಕೆ ಹೋದರೂ ಅವರು ಭಾರತದಲ್ಲೇ ಉಳಿದರು. 1948ರ ಫೆಬ್ರವರಿಯಲ್ಲಿ ನೌಶೇರಾ ಉಳಿಸಿದರು. ಕೈತಪ್ಪಿದ್ದ ಝಂಗರ್ ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟು, ಮಾರ್ಚ್‌ನಲ್ಲಿ ಅದನ್ನು ಗೆದ್ದರು. ಜುಲೈ 3ರಂದು ಅಲ್ಲಿಯೇ ಶೆಲ್ ಬಿದ್ದು ಹುತಾತ್ಮರಾದರು. ಮರಣೋತ್ತರವಾಗಿ ಮಹಾವೀರ ಚಕ್ರ. ದೆಹಲಿಯ ಜಾಮಿಯಾ ಮಿಲ್ಲಿಯಾ ಆವರಣದಲ್ಲಿ ಅವರ ಸಮಾಧಿಯಿದೆ. ಅದೇ ಕಾಶ್ಮೀರ ಕಾರ್ಯಾಚರಣೆಯಲ್ಲಿ ತಿಮ್ಮಯ್ಯನವರ ತಮ್ಮ ಸೋಮಯ್ಯ ಕೂಡ ನೆಲಬಾಂಬಿಗೆ ಬಲಿಯಾದರು. ಒಂದೇ ಮನೆಯ ಮೂವರು ಗಂಡುಮಕ್ಕಳ ಕಥೆ ಮೂರು ದಿಕ್ಕಿನದು.

ಇನ್ನು ಕೊರಿಯಾ. ನನ್ನ ದೃಷ್ಟಿಯಲ್ಲಿ ತಿಮ್ಮಯ್ಯನವರ ನಿಜವಾದ ಪರೀಕ್ಷೆ ನಡೆದದ್ದು ಜೋಜಿಲಾದಲ್ಲಲ್ಲ, ಇಲ್ಲಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಊರಿಗೆ ಮರಳಲು ಒಪ್ಪದ ಕೈದಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ಅಮೆರಿಕದ ಕಡೆಯ ವಶದಲ್ಲಿದ್ದ 22,000ಕ್ಕೂ ಹೆಚ್ಚು ಚೀನೀಯರು ಮತ್ತು ಉತ್ತರ ಕೊರಿಯನ್ನರು, ಕಮ್ಯೂನಿಸ್ಟರ ವಶದಲ್ಲಿದ್ದ 359 ಮಂದಿ. ಇವರನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲಿದರೆ, ಸೋವಿಯತ್ ಬಣದ ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಅಧ್ಯಕ್ಷ ಸ್ಥಾನ ಭಾರತದ್ದು, ಅಂದರೆ ತಿಮ್ಮಯ್ಯನವರದು. ಎರಡಕ್ಕೆ ಎರಡು ಮತ ಬಿದ್ದಾಗ ನಿರ್ಣಯಿಸುವುದು ಅವರ ಒಂದು ಮತ. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ನಾಯಕರು ಕಂಗಾವ್‌ನ ಹಳೆಯ ಗೆಳೆಯ ಥೋರಾಟ್.

ಆರಂಭದಲ್ಲೇ ಅವಮಾನ. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಡಗಿನಿಂದ ನೇರವಾಗಿ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಶಿಬಿರಗಳ ಒಳಗೆ ಕೈದಿಗಳದೇ ಸಂಘಟನೆಗಳು, ಅವರದೇ ದಬ್ಬಾಳಿಕೆ. ಊರಿಗೆ ಮರಳುತ್ತೇನೆ ಎಂದವನಿಗೆ ಸಹಕೈದಿಗಳಿಂದಲೇ ಜೀವಭಯ. ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿ ವಿವರಣೆ ಕೊಟ್ಟು, ಆತ ಸ್ವಂತ ಮನಸ್ಸಿನಿಂದ ನಿರ್ಧರಿಸಬೇಕೆಂಬುದು ನಿಯಮ. ಒಂದು ಕಡೆಯವರು ವಿವರಣೆಯೇ ನಡೆಯದಂತೆ ತಡೆದರೆ, ಇನ್ನೊಂದು ಕಡೆಯವರು ಬಲ ಪ್ರಯೋಗಿಸಿಯಾದರೂ ಕೈದಿಗಳನ್ನು ಹೊರಗೆಳೆದು ತನ್ನಿ ಎಂದು ಒತ್ತಾಯಿಸಿದರು. ಎಳೆದು ತರಲು ಹೋಗಿದ್ದರೆ ರಕ್ತದ ಕೋಡಿ ಹರಿಯುತ್ತಿತ್ತು. ತಿಮ್ಮಯ್ಯ ಆ ದಾರಿ ಹಿಡಿಯಲಿಲ್ಲ. ತೊಂಬತ್ತು ದಿನಗಳ ಅವಧಿ ಮುಗಿದಾಗ ಬಹುಪಾಲು ಕೈದಿಗಳಿಗೆ ವಿವರಣೆ ಮುಟ್ಟಿರಲೇ ಇಲ್ಲ. 1954ರ ಜನವರಿಯಲ್ಲಿ ಅವರು ಕೈದಿಗಳನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಿದರು. ಎರಡು ಬಣಗಳೂ ಟೀಕಿಸಿದವು. ಎರಡೂ ಕಡೆಗೆ ಹೋಗಲೊಲ್ಲದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತದ ಪಡೆಯ ಜೊತೆ ಹಡಗೇರಿ ಮದ್ರಾಸಿಗೆ ಬಂದರು. ಆ ವರ್ಷ ಅವರಿಗೆ ಪದ್ಮಭೂಷಣ ಬಂತು. ಈ ಅನುಭವದ ಬಗ್ಗೆ ಅವರು ಬರೆದ ಪುಸ್ತಕ ಅವರ ಮರಣಾನಂತರ, 1981ರಲ್ಲಿ ಪ್ರಕಟವಾಯಿತು.

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಸೇನಾ ಮುಖ್ಯಸ್ಥರಾದರು. ಆಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ಬುದ್ಧಿವಂತ, ಆದರೆ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಹಿರಿಯ ಅಧಿಕಾರಿಗಳ ಬಡ್ತಿಯಲ್ಲಿ ಮಂತ್ರಿಗಳು ಕೈಯಾಡಿಸುತ್ತಾರೆ ಎಂಬುದು ಜನರಲ್‌ರ ದೂರು. 1959ರ ಆಗಸ್ಟ್ ಕೊನೆಯಲ್ಲಿ, ಚೀನೀಯರು ಲೊಂಗ್ಜು ಠಾಣೆಯ ಮೇಲೆ ಬಂದು ಕೆಲವೇ ದಿನಗಳಾಗಿದ್ದಾಗ, ಅವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಮಾತನಾಡಿ ಅದನ್ನು ಹಿಂದೆಗೆದುಕೊಳ್ಳುವಂತೆ ಒಪ್ಪಿಸಿದರು. ಆದರೆ ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಮಾತನಾಡುವಾಗ ಜನರಲ್‌ರ ಕಾರಣಗಳನ್ನು ಹಗುರವಾಗಿ ಕಂಡರು. ಒಂದು ಕಾಲದಲ್ಲಿ ಯುವಕ ತಿಮ್ಮಯ್ಯನಿಗೆ ರಾಜೀನಾಮೆ ಕೊಡಬೇಡ ಎಂದಿದ್ದವರು ಮೋತಿಲಾಲ್. ಮೂವತ್ತು ವರ್ಷದ ಮೇಲೆ ಅವರ ಮಗನೂ ಅದನ್ನೇ ಹೇಳಿದರು. ಮೊದಲ ಬಾರಿ ಮಾತು ಕೇಳಿದ್ದರಿಂದ ದೇಶಕ್ಕೆ ಲಾಭವಾಯಿತು. ಎರಡನೆಯ ಬಾರಿ ಕೇಳಬಾರದಿತ್ತೇನೋ ಎಂದು ನನಗನಿಸುತ್ತದೆ. ಕೊಟ್ಟ ರಾಜೀನಾಮೆಯನ್ನು ಮರಳಿ ಪಡೆದ ಮೇಲೆ ಅವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ತನ್ನ ನಂತರ ಥೋರಾಟ್ ಮುಖ್ಯಸ್ಥರಾಗಲಿ ಎಂಬ ಅವರ ಇಚ್ಛೆಯೂ ನೆರವೇರಲಿಲ್ಲ.

1961ರ ಮೇಯಲ್ಲಿ ನಿವೃತ್ತರಾಗಿ ಕೊಡಗಿಗೆ ಮರಳಿದರು. 1962ರ ಜುಲೈಯಲ್ಲಿ 'ಸೆಮಿನಾರ್' ಪತ್ರಿಕೆಗೆ ಬರೆದ ಲೇಖನದಲ್ಲಿ, ಭಾರತ ಒಂಟಿಯಾಗಿ ಚೀನಾದೊಂದಿಗೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂಬ ಅರ್ಥದ ಮಾತುಗಳನ್ನಾಡಿದರು. ಅಕ್ಟೋಬರಿನಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು.

ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಉಪಯೋಗದ ಮಾತು. ತಿಮ್ಮಯ್ಯ ಕಲಿತ ಡೆಹ್ರಾಡೂನಿನ ಸೈನಿಕ ಕಾಲೇಜು ಈಗಲೂ ಇದೆ. ಎಂಟನೆಯ ತರಗತಿಗೆ ವರ್ಷದಲ್ಲಿ ಎರಡು ಬಾರಿ ಪ್ರವೇಶ ಪರೀಕ್ಷೆ ನಡೆಯುತ್ತದೆ. 2022ರಿಂದ ಹುಡುಗಿಯರಿಗೂ ಪ್ರವೇಶವಿದೆ. ಹತ್ತಿರದಲ್ಲೇ, ಕುಶಾಲನಗರದ ಬಳಿಯ ಕೂಡಿಗೆಯಲ್ಲಿ 2007ರಲ್ಲಿ ಆರಂಭವಾದ ಸೈನಿಕ ಶಾಲೆಯಿದೆ. ಪಿ.ಯು.ಸಿ. ಮುಗಿಸುವವರು ಎನ್.ಡಿ.ಎ. ಪರೀಕ್ಷೆ ಬರೆಯಬಹುದು. ಕಡಬದ ಹಳ್ಳಿಯಿಂದಲೂ ಇವಕ್ಕೆ ಅರ್ಜಿ ಹಾಕಬಹುದು. ಪಾಲಕರು ಕೇಳಿ ತಿಳಿದುಕೊಂಡರೆ ಒಳ್ಳೆಯದು.

ನಿವೃತ್ತಿಯ ಬದುಕು ಹೆಚ್ಚು ದಿನ ಉಳಿಯಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಕ್ರೈಸ್ತರಿಗೂ ತುರ್ಕಿ ಮುಸ್ಲಿಮರಿಗೂ ಕಾದಾಟ ಹೊತ್ತಿಕೊಂಡು 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆ ಸ್ಥಾಪಿಸಿತ್ತು. ಅದರ ಮೊದಲ ನಾಯಕರೂ ಭಾರತೀಯರೇ, ಜನರಲ್ ಗ್ಯಾನಿ. ಜುಲೈಯಲ್ಲಿ ಆ ಹೊಣೆ ತಿಮ್ಮಯ್ಯನವರಿಗೆ ಬಂತು. ಹೋದ ಮರುತಿಂಗಳೇ ಕೊಕ್ಕಿನಾ ಎಂಬಲ್ಲಿ ಗ್ರೀಕ್ ಪಡೆಗಳು ತುರ್ಕಿ ಹಳ್ಳಿಗಳನ್ನು ಮುತ್ತಿ, ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಎರಡೂ ಕಡೆಯ ಮುಖಂಡರ ಬಳಿ ಕುಳಿತು ಮಾತನಾಡಬೇಕು, ಒಬ್ಬರ ಪರ ಎಂಬ ಸಂಶಯ ಇನ್ನೊಬ್ಬರಿಗೆ ಬರಬಾರದು. ಪಂಜಾಬಿನಲ್ಲಿ, ಕೊರಿಯಾದಲ್ಲಿ ಮಾಡಿದ ಕೆಲಸವೇ ಮತ್ತೆ. ಸುಮಾರು ಒಂದೂವರೆ ವರ್ಷ ಅದನ್ನು ನಡೆಸಿದರು. 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 59. ಮರುವರ್ಷ ಸೈಪ್ರಸ್ ಅವರ ಭಾವಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಬಹುಕಾಲ ಆರ್.ಟಿ.ಓ. ಕಚೇರಿಯಾಗಿತ್ತು. ಜನರಲ್ ಹುಟ್ಟಿ ಬೆಳೆದ ಮನೆಯಲ್ಲಿ ಲೈಸೆನ್ಸಿಗೆ ಸಾಲು ನಿಂತವರಿಗೆ ಅದು ಯಾರ ಮನೆಯೆಂದು ಎಷ್ಟರಮಟ್ಟಿಗೆ ಗೊತ್ತಿತ್ತೋ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅವರ ಪಾರ್ಥಿವ ಶರೀರವನ್ನು ತಂದ ಬೆಂಗಳೂರಿನಲ್ಲಿ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂದು ಹೆಸರಿಟ್ಟಿದ್ದಾರೆ. ಆಟೋದವರಿಗೆ ಮಾತ್ರ ಈಗಲೂ ರಿಚ್ಮಂಡ್ ರೋಡ್ ಎಂದೇ ಹೇಳಬೇಕು.